ಅವಳ ಅಳತೆಯ ಕುರ್ಚಿ

"ಅಲ್ಲಿ ಕೂತಿರೋದು... ಯಾರು?"

ಹಿಂದಿನಿಂದ ಬಂದ ಆ ದನಿ ತೀರಾ ಮೆಲ್ಲಗಿತ್ತು. ಕೇಳಿದವನಿಗೆ ಉತ್ತರ ಬೇಕಾಗಿತ್ತೋ ಬೇಡವಾಗಿತ್ತೋ ಹೇಳುವುದು ಕಷ್ಟ.

ಗುಬ್ಬಿ ತಕ್ಷಣ ತಿರುಗಲಿಲ್ಲ. ತಿರುಗಲು ಮನಸ್ಸೇ ಬರಲಿಲ್ಲ ಎಂದರೂ ಸರಿಯೇ. ಅವಳ ಬದುಕಿನಲ್ಲಿ ಎಂದೂ ಆಗದಿದ್ದ ಸಂಗತಿಯೊಂದು ಆಗಷ್ಟೇ ಆಗಿತ್ತು. ಅವಳು ಒಂದು ಕುರ್ಚಿಯ ಮೇಲೆ ಕೂತಿದ್ದಳು, ಮತ್ತು ಎಲ್ಲಿಯೂ ನೋಯುತ್ತಿರಲಿಲ್ಲ.

ಅವಳ ಎಡಗಾಲು ಹುಟ್ಟಿದಾಗಿನಿಂದಲೂ ಗಿಡ್ಡ, ಸೊಂಟದ ಕೀಲು ಓರೆ. ನಡೆಯುವಾಗ ಸಣ್ಣಗೆ ಕುಪ್ಪಳಿಸುತ್ತಾಳೆಂದು ಅಕ್ಕ ಇಟ್ಟ ಹೆಸರು ಗುಬ್ಬಿ. ಶಾಲೆಯ ಬೆಂಚಿನಿಂದ ಹಿಡಿದು ಇದುವರೆಗಿನ ಕೆಲಸದ ಸ್ಟೂಲುಗಳವರೆಗೆ ಎಲ್ಲವೂ ಎರಡು ಕಾಲು ಸಮ ಇರುವವರಿಗಾಗಿ ಮಾಡಿದವು. ಮಧ್ಯಾಹ್ನವಾಗುವುದರೊಳಗೆ ಅವಳ ಸೊಂಟ ಕೆಂಡ. ದೂರಿದರೆ ಮನೆಯಲ್ಲಿ ಒಂದೇ ಮಾತು. "ಸ್ವಲ್ಪ ಹೊಂದಿಕೋ ಕಣೇ."

ಹೊಂದಿಕೊಳ್ಳುವುದರಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ ಬಿಡಿ.

ಆದರೆ ಈ ಕುರ್ಚಿ! ಎಡಗಡೆಯ ದಿಂಬು ತುಸು ಎತ್ತರ. ಪಾದಕ್ಕೆ ಓರೆಯಾದ ಹಲಗೆ. ಬೆನ್ನಿನ ಎರಡೂ ಪಕ್ಕ ಮೆತ್ತನೆಯ ಆಸರೆ. ಮೊಣಕೈ ಇಟ್ಟರೆ ಅಲ್ಲೊಂದು ತೋಡು, ಕೈಯನ್ನು ತಾನಾಗಿ ಒಳಗೆ ಕರೆದುಕೊಂಡಿತು.

"ಹೊಸಬಳು. ಬಣ್ಣದ ಕೆಲಸಕ್ಕೆ ಬಂದಿದ್ದೀನಿ," ಎನ್ನುತ್ತ ಅವಳು ಕೊನೆಗೂ ತಿರುಗಿದಳು.

ಬಾಗಿಲಲ್ಲಿ ಒಬ್ಬ ನಿಂತಿದ್ದ. ಕೈಯಲ್ಲಿ ಮಡಿಚುವ ಅಳತೆಕೋಲು, ಹೆಗಲಲ್ಲಿ ಉಪಕರಣದ ಚೀಲ. ಮುಖದಲ್ಲಿ ರಕ್ತವೇ ಇರಲಿಲ್ಲ. ಅವಳ ಮುಖ ಕಂಡ ಮೇಲೆ ಅವನು ಹಿಡಿದಿಟ್ಟ ಉಸಿರು ಬಿಟ್ಟ. ಅದು ಸಮಾಧಾನವೋ ನಿರಾಶೆಯೋ ಗುಬ್ಬಿಗೆ ತಿಳಿಯಲಿಲ್ಲ.

"ಆ ಕುರ್ಚಿ ನಿಮಗಲ್ಲ," ಎಂದ. "ನಿಮಗೆ ಬೇರೆ ಮಾಡಿಕೊಡ್ತೀನಿ."

"ಬೇಡ. ಇದೇ ಸರಿಯಾಗಿದೆ."

"ಸರಿಯಾಗಿಲ್ಲ."

"ಕೂತಿರೋಳು ನಾನು. ಸರಿ ಇದೆಯೋ ಇಲ್ಲವೋ ನನಗಲ್ವಾ ಗೊತ್ತಾಗೋದು? ಸ್ವಲ್ಪ ಹೆಚ್ಚುಕಮ್ಮಿ ಇದ್ದರೂ ನಾನು ಹೊಂದಿಕೊಳ್ತೀನಿ."

ಆ ಕೊನೆಯ ಮಾತಿಗೆ ಅವನು ಹಲ್ಲುನೋವಿನವನು ತಣ್ಣೀರು ಕುಡಿದಂತೆ ಮುಖ ಕಿವುಚಿದ. ಅಳತೆಕೋಲು ಮಡಿಚಿಕೊಂಡು ಹೊರಟುಹೋದ.

*ಎಂಥ ವಿಚಿತ್ರ ಮನುಷ್ಯ!* ಎಂದುಕೊಂಡಳು ಗುಬ್ಬಿ. ಆದರೆ ಆ ಬೆಳಿಗ್ಗೆಯೆಲ್ಲ ಅವಳ ಕಿವಿಯಲ್ಲಿ ಉಳಿದದ್ದು ಅವನು ಕೇಳಿದ ಮೊದಲ ಪ್ರಶ್ನೆ. ಅಲ್ಲಿ ಕೂತಿರೋದು ಯಾರು...

ಅದು ಕೃತಕ ಕಣ್ಣು ಮಾಡುವ ಕಾರ್ಯಾಗಾರ. ಅಪಘಾತದಲ್ಲೋ ಕಾಯಿಲೆಯಲ್ಲೋ ಕಣ್ಣು ಕಳೆದುಕೊಂಡವರು ಬರುತ್ತಾರೆ. ಉಳಿದ ಕಣ್ಣನ್ನು ನೋಡಿ ಅದಕ್ಕೆ ಜೋಡಿ ಮಾಡಿಕೊಡಬೇಕು. ಅಚ್ಚು ತೆಗೆಯುವವರು ಒಬ್ಬರು, ಹೊಳಪು ಕೊಡುವವರು ಒಬ್ಬರು, ಪಾಪೆಯ ಸುತ್ತಲಿನ ಬಣ್ಣದ ಉಂಗುರ ಬರೆಯುವವರು ಒಬ್ಬರು. ಗೋಡೆಯುದ್ದಕ್ಕೂ ತಟ್ಟೆಗಳಲ್ಲಿ ಕಣ್ಣುಗಳ ಸಾಲು. ಬಣ್ಣ ಬರೆದವು ನೋಡುತ್ತವೆ. ಇನ್ನೂ ಬರೆಯದ ಬಿಳಿಯವು ನೋಡುವುದಿಲ್ಲ, ಸುಮ್ಮನೆ ಕಾಯುತ್ತವೆ. ಗುಬ್ಬಿಗೆ ಹೆದರಿಕೆ ಹುಟ್ಟಿಸಿದವು ಆ ಬಿಳಿಯವೇ.

ಅಚ್ಚಿನ ಕೆಲಸ ಒಬ್ಬ ಮುದುಕರದು. ಕಾರ್ಯಾಗಾರವೂ ಅವರದೇ. ಎಲ್ಲರಿಗೂ ಅವರು ಅಚ್ಚಿನಜ್ಜ.

"ನನ್ನ ಒಂದು ಕಣ್ಣು ಅಮ್ಮ ಕೊಟ್ಟದ್ದು, ಇನ್ನೊಂದು ನಾನೇ ಮಾಡಿಕೊಂಡದ್ದು," ಎಂದು ಅಜ್ಜ ಊಟದ ಹೊತ್ತಿಗೆ ಪರಿಚಯ ಹೇಳಿಕೊಂಡರು. "ಒಂಟಿಗಣ್ಣಿಗೆ ಹತ್ತಿರ ಯಾವುದು ದೂರ ಯಾವುದು ತಿಳಿಯಲ್ಲ ನೋಡು. ಅದಕ್ಕೇ ಆ ಅಳತೆಗಾರ ನನ್ನ ಮೇಜಿನ ಅಂಚಿಗೆ ಕಪ್ಪು ಪಟ್ಟಿ ಹಾಕಿ, ಒಂದೊಂದು ಉಪಕರಣಕ್ಕೂ ಒಂದೊಂದು ಗುಳಿ ತೋಡಿಕೊಟ್ಟಿದ್ದಾನೆ. ಈಗ ಕಣ್ಣು ಮುಚ್ಚಿಕೊಂಡೂ ಕೆಲಸ ಮಾಡ್ತೀನಿ. ಎರಡೂ ಕಣ್ಣು."

ಹೊಳಪು ಕೊಡುವ ಹೆಂಗಸಿಗೆ ಕಿವಿ ಕೇಳಿಸದು. ಅವಳ ಮೇಜಿನೆದುರು ಅಳತೆಗಾರ ಒಂದು ಅಗಲವಾದ ಕನ್ನಡಿ ಕೂರಿಸಿದ್ದ. ಬೆನ್ನ ಹಿಂದೆ ಯಾರು ಬಂದರೂ ಅವಳು ಬೆಚ್ಚಿಬೀಳಬೇಕಿಲ್ಲ. ಹೊಳಪಿನಕ್ಕ ಆ ಕನ್ನಡಿಯಲ್ಲೇ ಗುಬ್ಬಿಯನ್ನು ನೋಡಿ ನಕ್ಕಳು.

"ಅಳತೆಗಾರ ಅಂದರೆ ಬೆಳಿಗ್ಗೆ ಬಂದಿದ್ದರಲ್ಲ, ಅವರಾ?" ಎಂದಳು ಗುಬ್ಬಿ. "ನನ್ನನ್ನು ಆ ಕುರ್ಚಿಯಲ್ಲಿ ಕಂಡು ಯಾಕೆ ಹಾಗಾದರು?"

ಅಜ್ಜ ತುತ್ತು ನಿಲ್ಲಿಸಿದರು.

"ಅದು ಅವನ ಹೆಂಡತಿ ಕೂರ್ತಿದ್ದ ಜಾಗ. ನಿನ್ನದೇ ಕೆಲಸ, ಬಣ್ಣ ಬರೆಯೋದು. ತಲೆ ಓರೆ ಮಾಡಿ, ಮಣಿಕಟ್ಟಿನಿಂದ ಕೂದಲು ತಳ್ಳಿಕೊಳ್ತಾ ಬರೀತಿದ್ದಳು. ಮೈಯ ಶಕ್ತಿ ಬಸಿದುಹೋಗೋ ಕಾಯಿಲೆ ಬಂತು. ವಾರ ವಾರ ಅವನು ಕುರ್ಚಿ ತಿದ್ದುತ್ತಿದ್ದ. ಈ ವಾರ ಬೆನ್ನಿಗೆ ಆಸರೆ, ಮುಂದಿನ ವಾರ ಮೊಣಕೈಗೆ. ಕೊನೆಕೊನೆಗೆ ಅವಳು ಕುರ್ಚಿಯಲ್ಲಿ ಕೂತಿದ್ದಾಳೋ, ಕುರ್ಚಿನೇ ಅವಳನ್ನ ಹಿಡಿದುಕೊಂಡಿದೆಯೋ ಹೇಳೋಕಾಗ್ತಿರಲಿಲ್ಲ."

"ಆಮೇಲೆ... ಯಾರೂ ಕೂರಲಿಲ್ವಾ?"

"ಕೂತರು. ಅರ್ಧ ದಿನಕ್ಕೇ ಕೆಲಸ ಬಿಟ್ಟು ಹೋದರು. ಹಿಂದಿನಿಂದ ಯಾರೋ ಹಿಡಿದುಕೊಂಡ ಹಾಗಾಗುತ್ತೆ ಅಂದರು. ನಿನಗೆ ಹಾಗೆ ಅನಿಸಲಿಲ್ವೇನಮ್ಮ?"

ಗುಬ್ಬಿಗೆ ಅನಿಸಿತ್ತು. ಅವಳಿಗೆ ಹಿಡಿಸಿದ್ದೇ ಅದು.

"ಹಿಂದಿನಿಂದ ನೋಡಿದರೆ ಅವಳೇ ಕೂತ ಹಾಗಿದೆ," ಎಂದರು ಅಜ್ಜ, ಯಾರಿಗೋ ಎನ್ನುವಂತೆ.

ಅಳತೆಗಾರ ಊರಿನ ಹಲವು ಕಚೇರಿ, ಕಾರ್ಖಾನೆಗಳಿಗೆ ಹೋಗುತ್ತಿದ್ದ. ಕೂರುವವರಿಗೆ ತಕ್ಕ ಕುರ್ಚಿ, ಎಟುಕದವರಿಗೆ ಎಟುಕುವ ಸ್ವಿಚ್ಚು, ಗಾಲಿಕುರ್ಚಿಯವರಿಗೆ ಮೊಣಕಾಲು ತೂರುವ ಮೇಜು. ಇದೇ ಅವನ ಕಸುಬು. ಕಣ್ಣಿನ ಕಾರ್ಯಾಗಾರಕ್ಕೆ ಅಪರೂಪಕ್ಕೆ ಬರುತ್ತಿದ್ದವನು ಈಗ ಮೇಲಿಂದ ಮೇಲೆ ಬರತೊಡಗಿದ. ಬಂದಾಗಲೆಲ್ಲ ಗುಬ್ಬಿಯ ಹಿಂದೆ, ಸ್ವಲ್ಪ ದೂರದಲ್ಲಿ, ಸುಮ್ಮನೆ ನಿಲ್ಲುತ್ತಿದ್ದ.

ಒಂದು ದಿನ ಅವಳಿಗೆ ತಡೆಯಲಾಗಲಿಲ್ಲ.

"ಹಿಂದೆ ನಿಂತು ಏನು ನೋಡ್ತೀರಿ? ಮುಂದೆ ಬಂದು ನೋಡಿ, ಮುಖ ಅಷ್ಟೇನೂ ಕೆಟ್ಟದಾಗಿಲ್ಲ."

ಅವನು ನಕ್ಕ. ನಗುವ ಅಭ್ಯಾಸ ತಪ್ಪಿಹೋದವನ ನಗು ಅದು. ಮುಂದೆ ಬಂದು ಮೊಣಕಾಲೂರಿ ಕೂತು, ಅವಳ ಪಾದದ ಹಲಗೆ ನೋಡಿದ.

"ಎಲ್ಲಿ ನೋಯೋದಿಲ್ಲ?" ಎಂದು ಕೇಳಿದ.

"ಏನಂದಿರಿ?"

"ಮೈಯಲ್ಲಿ ನೋವೇ ಇಲ್ಲದ ಜಾಗ ಯಾವುದು? ಎಲ್ಲಿ ನೋಯುತ್ತೆ ಅಂತ ಕೇಳೋಕೆ ಡಾಕ್ಟರಿದ್ದಾರೆ. ನಾನು ನೋವಿಲ್ಲದ ಕಡೆಯಿಂದ ಶುರು ಮಾಡ್ತೀನಿ. ಅಲ್ಲಿಂದ ನಿಧಾನಕ್ಕೆ ಬೇರೆ ಕಡೆ ಹೋಗೋದು."

ಗುಬ್ಬಿ ಯೋಚಿಸಿದಳು. ಇಷ್ಟು ವರ್ಷ ಅವಳ ಮೈ ಎಂದರೆ ಅವಳಿಗೆ ಸೊಂಟವೊಂದೇ ಆಗಿತ್ತು. ನೋಯದ ಜಾಗಗಳನ್ನು ಅವಳು ಎಂದೂ ವಿಚಾರಿಸಿಕೊಂಡಿರಲಿಲ್ಲ.

"ಬಲ ಅಂಗೈ," ಎಂದಳು. "ಮತ್ತೆ... ಹಣೆ."

"ಸರಿ," ಎಂದ ಅವನು, ಅದು ತುಂಬ ಮುಖ್ಯವಾದ ವಿಷಯ ಎನ್ನುವಂತೆ.

ಅಂದು ಮನೆಗೆ ಹೋಗುವಾಗ ಅವಳಿಗೆ ಇಡೀ ದಾರಿ ತನ್ನ ಹಣೆಯ ನೆನಪು. ಏನು ಹೇಳೋಣ, ಹುಡುಗಿಯ ಮನಸ್ಸು ಜಾರಿಬಿಟ್ಟಿತ್ತು.

ಆದರೆ ಅದೇ ದಿನಗಳಲ್ಲಿ ಬೇರೇನೋ ಶುರುವಾಗಿತ್ತು.

ಬೆಳಿಗ್ಗೆ ಬಂದು ಕೂತರೆ ಕುರ್ಚಿ ಹಿಂದಿನ ಸಂಜೆ ಬಿಟ್ಟಂತೆ ಇರುತ್ತಿರಲಿಲ್ಲ. ಕೂದಲೆಳೆಯಷ್ಟು ವ್ಯತ್ಯಾಸ. ದಿಂಬು ಇಷ್ಟೇ ಇಷ್ಟು ತಗ್ಗಿರುತ್ತಿತ್ತು, ಬೆನ್ನಿನ ಆಸರೆ ಇಷ್ಟೇ ಇಷ್ಟು ಸರಿದಿರುತ್ತಿತ್ತು. ಬೇರೆ ಯಾರಿಗೂ ಗೊತ್ತಾಗದು. ಜೀವಮಾನವೆಲ್ಲ ಕುರ್ಚಿಗಳ ಜೊತೆ ಗುದ್ದಾಡಿದ ಸೊಂಟಕ್ಕೆ ಗೊತ್ತಾಗುತ್ತಿತ್ತು. ಅವಳು ಬಲಕ್ಕೆ ತಿರುಗಿಸಿಟ್ಟು ಹೋದ ಮೇಜಿನ ದೀಪ ಪ್ರತಿ ಬೆಳಿಗ್ಗೆ ಎಡಕ್ಕೆ ತಿರುಗಿರುತ್ತಿತ್ತು.

ಕುಂಚಕ್ಕೆಂದು ಕೈ ಚಾಚಿದರೆ ಎಡಗಡೆಗೆ ಹೋಗುತ್ತಿತ್ತು. ಅವಳು ಎಂದೂ ಕುಂಚವನ್ನು ಎಡಕ್ಕೆ ಇಟ್ಟವಳಲ್ಲ.

ಒಂದು ಸಂಜೆ ಅಡುಗೆಮನೆಯಲ್ಲಿ ಅಕ್ಕ ಅವಳನ್ನೇ ನೋಡುತ್ತ ನಿಂತಳು.

"ಏನೇ ಅದು?"

"ಯಾವುದು?"

"ಮಣಿಕಟ್ಟಿನ ಹಿಂಭಾಗದಿಂದ ಕೂದಲು ತಳ್ಳಿಕೊಳ್ಳೋದು. ಆಗಿನಿಂದ ನೋಡ್ತಿದ್ದೀನಿ. ನಿನಗೆ ಆ ಅಭ್ಯಾಸ ಇರಲಿಲ್ಲ."

"ಕೈಗೆ ಬಣ್ಣ ಇರುತ್ತಲ್ಲ ಅಕ್ಕ..."

"ಈಗ ನಿನ್ನ ಕೈಯಲ್ಲಿರೋದು ಬಣ್ಣ ಅಲ್ಲ, ತರಕಾರಿ." ಅಕ್ಕ ಹತ್ತಿರ ಬಂದಳು. "ತಲೆ ಕೂಡ ಓರೆ ಮಾಡ್ತೀಯ ಈಚೆಗೆ. ಒಂದೊಂದು ಸಲ ಹಿಂದಿನಿಂದ ನೋಡಿದರೆ ಯಾರೋ ಬೇರೆಯವರು ಮನೆಗೆ ಬಂದಿದ್ದಾರೆ ಅನಿಸುತ್ತೆ ಕಣೇ."

"ಸುಮ್ಮನಿರೇ, ಅವಳು ಯಾರನ್ನೋ ಮೆಚ್ಚಿದ್ದಾಳೆ," ಎಂದು ಹೊರಗಿನಿಂದ ಭಾವ ಕೂಗಿದರು. "ಆ ಹೊತ್ತಿಗೆ ಎಲ್ಲರೂ ಬೇರೆಯವರ ಹಾಗೇ ಆಡೋದು. ನೀನೂ ಮದುವೆಗೆ ಮುಂಚೆ ಎಷ್ಟು ಮೆತ್ತಗೆ ಮಾತಾಡ್ತಿದ್ದೆ."

ಅಕ್ಕ ನಗಲಿಲ್ಲ. ಗುಬ್ಬಿಯೂ ನಗಲಿಲ್ಲ.

ಮರುವಾರ ಒಬ್ಬ ಟೀಚರು ಹೊಸ ಕಣ್ಣಿಗಾಗಿ ಬಂದರು. ಹಳೆಯದು ಸವೆದಿತ್ತು. ಗುಬ್ಬಿ ಅವರನ್ನು ಬೆಳಕಿಗೆ ಕೂರಿಸಿ, ಅವರ ನಿಜದ ಕಣ್ಣನ್ನು ನೋಡಿ ನೋಡಿ ಕಂದು ಬಣ್ಣದ ಉಂಗುರ ಬರೆದಳು. ಆ ನಿಜದ ಕಣ್ಣಿನಲ್ಲಿ ಒಂದು ಕಲೆಯೂ ಇರಲಿಲ್ಲ. ಬರೆದು ಮುಗಿಸಿ ತೋರಿಸಿದಳು.

ಟೀಚರು ನೋಡಿದರು. ನಿಧಾನವಾಗಿ ಮುಷ್ಟಿ ಬಿಚ್ಚಿ ತಮ್ಮ ಹಳೆಯ ಕಣ್ಣನ್ನು ಅದರ ಪಕ್ಕದಲ್ಲಿಟ್ಟರು.

ಎರಡರಲ್ಲೂ ಉಂಗುರದ ಕೆಳಗೆ, ಎಡಕ್ಕೆ, ಸಾಸಿವೆಗಿಂತ ಸಣ್ಣ ಚುಕ್ಕಿ. ಒಂದೇ ಜಾಗ.

ಗುಬ್ಬಿ ಆ ಹಳೆಯ ಕಣ್ಣನ್ನು ಅದಕ್ಕೆ ಮುಂಚೆ ನೋಡಿಯೇ ಇರಲಿಲ್ಲ. ಚುಕ್ಕಿ ಇಟ್ಟ ನೆನಪೂ ಅವಳಿಗಿರಲಿಲ್ಲ.

"ಹೋದ ಸಲ ಮಾಡಿದ ಅಮ್ಮನೂ ಹೀಗೇ ಒಂದು ಚುಕ್ಕಿ ಬಿಟ್ಟಿದ್ದರು," ಎಂದರು ಟೀಚರು. "ಯಾಕೆ ಅಂತ ಕೇಳಿದ್ದಕ್ಕೆ, ನನ್ನ ಕೈ ಹೋಗಿ ನಿಲ್ಲೋದೇ ಅಲ್ಲಿ, ಏನು ಮಾಡಲಿ ಅಂದಿದ್ದರು. ನೀವೂ ಅವರ ಹತ್ತಿರವೇ ಕಲಿತದ್ದಾ? ಅವರು ಹೋಗಿಬಿಟ್ಟರು ಅಂತ ಯಾರೋ ಹೇಳಿದ್ರಪ್ಪ."

ಟೀಚರು ಹೋದ ಮೇಲೆ ಗುಬ್ಬಿ ತಟ್ಟೆಯಲ್ಲಿದ್ದ ತನ್ನ ಹಿಂದಿನ ವಾರಗಳ ಕಣ್ಣುಗಳನ್ನು ಒಂದೊಂದಾಗಿ ಎತ್ತಿ ನೋಡಿದಳು. ಎಲ್ಲದರಲ್ಲೂ ಚುಕ್ಕಿ ಇತ್ತು.

ಅದಾದ ಮೇಲೆ ಕೈ ನಡುಗತೊಡಗಿತು.

ಮೊದಮೊದಲು ಸಂಜೆಯ ಹೊತ್ತು. ಆಮೇಲೆ ಮಧ್ಯಾಹ್ನವೇ. ಕಣ್ಣಿನ ಬಣ್ಣ ಬರೆಯುವವಳ ಕೈ ನಡುಗಿದರೆ ಉಳಿಯುವುದೇನು? ಗುಬ್ಬಿಗೆ ಓದಿನ ಬಲವಿಲ್ಲ, ಓಡಾಟದ ಬಲವಿಲ್ಲ. ಇದ್ದದ್ದು ಆ ಬಲಗೈ ಒಂದೇ.

"ಅಜ್ಜ, ಅವರಿಗೆ ಕಾಯಿಲೆ ಶುರುವಾಗಿದ್ದು ಹೇಗೆ?"

ಅಜ್ಜ ಅವಳ ಕೈಯನ್ನು ನೋಡಿದರು. ತಮ್ಮ ಒಳ್ಳೆಯ ಕಣ್ಣನ್ನು ಬೇರೆ ಕಡೆ ತಿರುಗಿಸಿದರು. ಅಷ್ಟೇ ಸಾಕಾಗಿತ್ತು.

ಹೊಳಪಿನಕ್ಕನಿಗೆ ಮಾತ್ರ ಎಲ್ಲ ಕಾಣುತ್ತಿತ್ತು. ಅವಳ ಕನ್ನಡಿಯಲ್ಲಿ ಕಿಟಕಿಯ ಪಕ್ಕದ ಆ ಕುರ್ಚಿ ಪೂರ್ತಿ ಬೀಳುತ್ತದೆ. ಅವಳು ಗುಬ್ಬಿಯನ್ನು ಹತ್ತಿರ ಕರೆದು, ಕನ್ನಡಿಯನ್ನು ತೋರಿಸಿ, ಕೈಸನ್ನೆ ಮಾಡಿದಳು. ಅಳತೆಕೋಲು ಮಡಿಚುವ ಸನ್ನೆ, ಅಂದರೆ ಅವನು. ಸೂರ್ಯ ಏಳುವ ಸನ್ನೆ. ಕುರ್ಚಿ. ಆಮೇಲೆ ಎರಡು ಬೆರಳಿನಲ್ಲಿ ಸ್ಕ್ರೂ ತಿರುಗಿಸುವ ಸನ್ನೆ.

ಕೊನೆಗೆ ತನ್ನ ಕೆನ್ನೆಯ ಮೇಲೆ ಬೆರಳು ಇಳಿಸಿದಳು. ಅಳುತ್ತಾನೆ.

*ಹಾಗಾದರೆ ಇದು ಅವನ ಕೆಲಸ...*

ಮರುದಿನ ಗುಬ್ಬಿ ಬೇಗ ಬಂದಳು. ಬಾಗಿಲು ತೆರೆದಿತ್ತು. ಅವನು ಕುರ್ಚಿಯ ಮುಂದೆ ಮೊಣಕಾಲೂರಿ ಕೂತಿದ್ದ. ಒಂದು ಕೈ ಬೆನ್ನಿನ ಆಸರೆಯ ಮೇಲಿತ್ತು, ಜೀವ ಇರುವವರ ಬೆನ್ನಿನ ಮೇಲೆ ಇಡುವಂತೆ. ಸುತ್ತಲೂ ತಟ್ಟೆಗಳಲ್ಲಿ ಕಣ್ಣುಗಳು.

"ನನ್ನನ್ನ ಅವರನ್ನಾಗಿ ಮಾಡ್ತಿದ್ದೀರಾ?" ಎಂದಳು ಗುಬ್ಬಿ.

ಅವನು ಎದ್ದು ನಿಂತ. ಕೈಯಲ್ಲಿ ಸ್ಕ್ರೂಡ್ರೈವರ್.

"ದಿನಾ ಒಂದಿಷ್ಟು, ನನಗೆ ಗೊತ್ತಾಗದ ಹಾಗೆ. ನಾನು ತಲೆ ಓರೆ ಮಾಡೋ ತನಕ, ಅವರ ಹಾಗೆ ಕೂದಲು ತಳ್ಳಿಕೊಳ್ಳೋ ತನಕ, ಅವರ ಹಾಗೆ ಕೈ ನಡುಗೋ ತನಕ. ಅದಕ್ಕೇ ಅಲ್ವಾ ಹಿಂದೆ ನಿಂತು ನೋಡ್ತಿದ್ದದ್ದು? ಹಿಂದಿನಿಂದ ನೋಡಿದರೆ ಅವರೇ. ಮುಂದೆ ಬಂದರೆ ಈ ಮುಖ ಅಡ್ಡ ಬರುತ್ತೆ."

"ಹಾಗಲ್ಲ..."

"ನಾನು ಯಾರು ಅಂತ ಗೊತ್ತಾ ನಿಮಗೆ?"

ಅವಳಿಗೆ ಬೇಕಾಗಿದ್ದದ್ದು 'ಗೊತ್ತು' ಎಂಬ ಒಂದೇ ಒಂದು ಮಾತು. ಅದು ಬರಲಿಲ್ಲ. ಕುಂಚಗಳನ್ನೂ ಎತ್ತಿಕೊಳ್ಳದೆ ಅವಳು ಹೊರಟುಬಂದಳು. ಬೀದಿಯಲ್ಲಿ ನಾಲ್ಕು ಹೆಜ್ಜೆ ನಡೆದ ಮೇಲೆ ಅಳು ಬಂತು. ಅವನ ಮೇಲಿನ ಸಿಟ್ಟಿಗಿಂತ ಹೆಚ್ಚಾಗಿ, ಆ ಕುರ್ಚಿಯನ್ನು ಬಿಟ್ಟುಬಂದದ್ದಕ್ಕೇ ಅಳುತ್ತಿದ್ದೇನೆಯೋ ಎಂದು ಅವಳಿಗೇ ನಾಚಿಕೆಯಾಯಿತು.

ಆಮೇಲಿನ ದಿನಗಳು ಅಕ್ಕನ ಅಡುಗೆಮನೆಯ ಗಟ್ಟಿ ಸ್ಟೂಲಿನ ಮೇಲೆ. ಸೊಂಟದ ಕೆಂಡ ಹಳೆಯ ಸ್ನೇಹಿತನಂತೆ ವಾಪಸು ಬಂತು.

"ಕೆಲಸ ಅಂದಮೇಲೆ ಇದ್ದದ್ದೇ," ಎಂದಳು ಅಕ್ಕ. ವಿಷಯದ ಅರ್ಧವನ್ನಷ್ಟೇ ಅವಳಿಗೆ ಹೇಳಿದ್ದಳು ಗುಬ್ಬಿ. "ಇನ್ನೊಂದು ಕಡೆ ನೋಡಿದರಾಯಿತು. ಎಲ್ಲಿಗೆ ಹೋದರೂ ನೀನು ಹೊಂದಿಕೊಳ್ತೀಯ. ಅದೊಂದು ಗುಣ ನಿನ್ನಲ್ಲಿ ಚಿಕ್ಕಂದಿನಿಂದ ಇದೆ. ಶಾಲೆಯಲ್ಲಿ ಬೆಂಚಿಗೆ ಹೇಗೆ ಅಂಟಿಕೊಳ್ತಿದ್ದೆ ಅಂದರೆ, ಕಾಲು ಗಿಡ್ಡ ಅಂತ ಟೀಚರಿಗೆ ಎಷ್ಟೋ ದಿನ ಗೊತ್ತೇ ಆಗಿರಲಿಲ್ಲ."

ಗುಬ್ಬಿ ತಲೆಯೆತ್ತಿದಳು.

ಒಳಗಿನಿಂದ ಅಕ್ಕನ ಮಗಳ ಬಣ್ಣದ ಡಬ್ಬಿ ತಂದಳು. ಸ್ಟೂಲಿನ ಮೇಲೆ ಕೂತು, ಸೊಂಟ ಉರಿಯುತ್ತಿದ್ದರೂ ಹಲ್ಲು ಕಚ್ಚಿ, ಹಾಳೆಯ ಮೇಲೆ ಒಂದು ಕಣ್ಣು ಬರೆದಳು. ಮತ್ತೊಂದು ಬರೆದಳು. ಹಾಳೆ ತುಂಬುವವರೆಗೂ ಬರೆದಳು.

ಚುಕ್ಕಿ ಇರಲಿಲ್ಲ. ಕೈ ನಡುಗಲಿಲ್ಲ.

*ನನ್ನ ಕೈ ಚೆನ್ನಾಗಿಯೇ ಇದೆ. ಹಾಗಾದರೆ ಅಲ್ಲಿ ನಡುಗಿದ್ದು ಯಾರ ಕೈ?*

ಆ ಪ್ರಶ್ನೆಗೆ ಉತ್ತರ ಕೊಡಬಲ್ಲವನು ಒಬ್ಬನೇ. ಅವನಾಗಿ ಮಾತಾಡದಿದ್ದರೆ ಮಾತಾಡಿಸಿಯೇ ಬರಬೇಕು. ಇಷ್ಟು ದಿನ ಅವನನ್ನು ನೋಡದೆ ಎದೆ ಹೇಗೆ ಒಣಗಿತ್ತೆಂದು ಅವಳು ಅಕ್ಕನಿಗೆ ಹೇಳಲಿಲ್ಲ, ನಮಗೆ ಗೊತ್ತು.

ಕಾರ್ಯಾಗಾರದಲ್ಲಿ ಕಿಟಕಿಯ ಪಕ್ಕ ಖಾಲಿಯಾಗಿತ್ತು. ಕುರ್ಚಿ ಬಿಡಿಬಿಡಿಯಾಗಿ ನೆಲದ ಮೇಲೆ ಬಿದ್ದಿತ್ತು. ದಿಂಬು ಒಂದು ಕಡೆ, ಬೆನ್ನಿನ ಆಸರೆ ಒಂದು ಕಡೆ, ಮೊಣಕೈಯ ತೋಡು ಒಂದು ಕಡೆ. ಅವುಗಳ ನಡುವೆ ಅವನು ಕೂತಿದ್ದ. ಹೊಳಪಿನಕ್ಕ ಕನ್ನಡಿಯಲ್ಲಿ ಗುಬ್ಬಿಯನ್ನು ಕಂಡು, ಎದ್ದು, ಅಜ್ಜನ ತೋಳು ಹಿಡಿದು ಹೊರಗೆ ಕರೆದುಕೊಂಡು ಹೋದಳು.

"ಬಿಚ್ಚಿಬಿಟ್ಟಿರಾ?"

"ಬಿಚ್ಚೋದು ಯಾವತ್ತೋ ಶುರು ಮಾಡಿದ್ದೆ," ಎಂದ ಅವನು. "ನೀವು ನೋಡಿದ್ದು ಅದನ್ನೇ. ನಿಮ್ಮನ್ನ ಅವಳ ಅಳತೆಗೆ ತರ್ತಿರಲಿಲ್ಲ ನಾನು. ಕುರ್ಚಿನ ಅವಳ ಅಳತೆಯಿಂದ ಬಿಡಿಸ್ತಿದ್ದೆ. ದಿನಕ್ಕೆ ಒಂದು ಎಳೆ."

ಗುಬ್ಬಿ ನೆಲದ ಮೇಲಿದ್ದ ದಿಂಬನ್ನು ಎತ್ತಿಕೊಂಡಳು.

"ಒಂದೇ ಸಲಕ್ಕೆ ಯಾಕೆ ಮಾಡಲಿಲ್ಲ?"

"ಆಗಲಿಲ್ಲ. ಅವಳ ಬಟ್ಟೆಬರೆ ಕೊಟ್ಟೆ, ಫೋಟೋ ಎತ್ತಿಟ್ಟೆ. ಅವಳ ಮೈಯ ಆಕಾರ ಉಳಿದದ್ದು ಇದೊಂದರಲ್ಲೇ. ಒಂದೊಂದು ಸ್ಕ್ರೂ ತಿರುಗಿಸುವಾಗಲೂ ಅವಳು ಸ್ವಲ್ಪ ಸ್ವಲ್ಪ ಹೋಗ್ತಿದ್ದಳು." ಅವನು ಮುಖ ಒರೆಸಿಕೊಂಡ. "ಮೊದಲ ವಾರ, ಅಲ್ಲಿ ಯಾರೋ ಕೂತಿದ್ದಾರೆ ಅನ್ನೋದೇ ನನಗೆ ಬೇಕಾಗಿತ್ತು. ಸುಳ್ಳು ಹೇಳಲ್ಲ. ಹಿಂದೆ ನಿಂತು ನೋಡಿದ್ದು ಅದಕ್ಕೇ. ಆದರೆ ನೋಡ್ತಾ ನೋಡ್ತಾ ಕಂಡಿದ್ದು ಅವಳಲ್ಲ."

"ಮತ್ತೆ?"

"ನಿಮ್ಮ ಬಲ ಭುಜ. ಅದು ಕಿವಿಯ ಹತ್ತಿರ ಇರ್ತಿತ್ತು. ಕುರ್ಚಿ ಸರಿಯಾಗಿದೆ ಅಂದಿರಿ. ನೋವಿತ್ತು. ಬೇರೆ ಕಡೆಗಳಿಗಿಂತ ಕಮ್ಮಿ ಇತ್ತು, ಅಷ್ಟೇ. ಕಮ್ಮಿ ನೋವನ್ನೇ ನೀವು ಇಲ್ಲ ಅಂದುಕೊಂಡಿರಿ." ಅವನು ಬೆನ್ನಿನ ಆಸರೆಯನ್ನು ಎತ್ತಿ ಹಿಡಿದ. "ಅವಳು ನಿಮಗಿಂತ ಒಂದು ಗೇಣು ಎತ್ತರ ಇದ್ದಳು. ಎರಡು ಕಾಲೂ ಸಮ. ಬೆನ್ನು ಒಂದು ಕಡೆ ಕುಸಿದಿತ್ತು ಅಂತ ದಿಂಬು ಎತ್ತರಿಸಿದ್ದೆ. ನಿಮಗೂ ಅವಳಿಗೂ ಒಂದೇ ಒಂದು ಅಳತೆ ಕೂಡಲ್ಲ."

ಗುಬ್ಬಿ ಮೇಜು ಹಿಡಿದುಕೊಂಡಳು.

"ಆ ಚುಕ್ಕಿ... ನನ್ನ ಕೈ ನಡುಗಿದ್ದು..."

ಅವನು ಮೊಣಕೈಯ ತೋಡನ್ನು ಎತ್ತಿ ತೋರಿಸಿದ. ಮರದಲ್ಲಿ ಒಂದು ಆಳವಾದ ನುಣುಪು.

"ಅವಳ ಕೈಗೆ ಶಕ್ತಿ ಇಲ್ಲ ಅಂತ, ಕೈಯ ಭಾರವನ್ನೆಲ್ಲ ಇದು ಹೊರೋ ಹಾಗೆ ಮಾಡಿದ್ದೆ. ಚೆನ್ನಾಗಿರೋ ಕೈ ಇದರಲ್ಲಿ ಕೂತರೆ ಕೆಲಸ ಮರೆಯುತ್ತೆ. ಮರೆತ ಕೈ ನಡುಗುತ್ತೆ. ಮಣಿಕಟ್ಟು ಇಲ್ಲಿ ಬಂದು ಜಾರಿ ನಿಲ್ಲುತ್ತೆ. ಕುಂಚದ ತುದಿ ಅಲ್ಲೇ ತಾಗುತ್ತೆ. ಅವಳು ಬಂದು ನಿಮ್ಮೊಳಗೆ ಕೂರಲಿಲ್ಲ. ನೀವೇ ಹೋಗಿ ಅವಳೊಳಗೆ ಕೂತಿರಿ. ಹೊಂದಿಕೊಳ್ಳೋದು ನಿಮಗೆ ಅಷ್ಟು ಚೆನ್ನಾಗಿ ಬರುತ್ತೆ."

ಇಷ್ಟು ವರ್ಷ ಎಲ್ಲರೂ ಹೊಗಳಿದ ತನ್ನ ಒಂದೇ ಒಂದು ಗುಣ ತನ್ನನ್ನು ಎಲ್ಲಿಯವರೆಗೆ ಒಯ್ದಿತ್ತೆಂದು ಗುಬ್ಬಿಗೆ ಅರ್ಥವಾಯಿತು. ಇನ್ನು ಸ್ವಲ್ಪ ದಿನ ಬಿಟ್ಟಿದ್ದರೆ ಅವಳು ಒಬ್ಬ ಸತ್ತವಳಿಗೂ ಪೂರ್ತಿಯಾಗಿ ಹೊಂದಿಕೊಂಡುಬಿಡುತ್ತಿದ್ದಳು.

"ಮತ್ತೆ ದೀಪ?" ಎಂದಳು. "ದೀಪವನ್ನು ದಿನಾ ಎಡಕ್ಕೆ ಯಾಕೆ ತಿರುಗಿಸ್ತಿದ್ದಿರಿ?"

ಅವನು ಗೊಂದಲದಿಂದ ನೋಡಿದ.

"ದೀಪ ನಾನು ಮುಟ್ಟಿಲ್ಲ."

ಇಬ್ಬರೂ ಮೇಜಿನ ಮೇಲಿನ ದೀಪವನ್ನು ನೋಡಿದರು. ಆಮೇಲೆ ಕೇಳಿದರೆ ಅಜ್ಜ ಮುಟ್ಟಿಲ್ಲವಂತೆ, ಹೊಳಪಿನಕ್ಕನೂ ಇಲ್ಲವಂತೆ. ಅದರ ವಿಷಯ ಇವತ್ತಿನವರೆಗೂ ಯಾರಿಗೂ ಗೊತ್ತಿಲ್ಲ. ನಾನೂ ಹೆಚ್ಚು ಕೆದಕಲು ಹೋಗಿಲ್ಲ.

"ನನಗೆ ಆ ಕುರ್ಚಿ ಬೇಡ," ಎಂದಳು ಗುಬ್ಬಿ ದೀಪದಿಂದ ಕಣ್ಣು ತೆಗೆದು. "ತಿದ್ದಿದ್ದೂ ಬೇಡ. ಅದು ಅವರದು, ಅವರಿಗೇ ಇರಲಿ. ನನಗೆ ಹೊಸದು ಮಾಡಿ. ಮೊದಲಿನಿಂದ."

ಆ ದಿನ ಅವನು ಮೊದಲ ಬಾರಿಗೆ ಅವಳ ಮುಖವನ್ನು ನೇರವಾಗಿ, ಬಹಳ ಹೊತ್ತು ನೋಡಿದ.

"ಒಂದು ಮಾತು ಹೇಳಬೇಕು," ಎಂದ. "ಮೊದಲ ವಾರ ನಾನು ಬಂದಿದ್ದು ಅವಳಿಗಾಗಿ. ಆಮೇಲೆ ಬಂದಿದ್ದೆಲ್ಲ ನಿಮಗಾಗಿ. ಅದನ್ನ ಹೇಳೋಕೆ ಹೋದರೆ ಅವಳಿಗೆ ದ್ರೋಹ ಅನಿಸ್ತಿತ್ತು. ಹೇಳದೇ ಇದ್ದು ನಿಮಗೆ ದ್ರೋಹ ಮಾಡಿದೆ. ಇನ್ನು ನೀವು ಹೊಂದಿಕೊಂಡು ನನ್ನ ಜೊತೆ ಇರಬೇಕಾಗಿಲ್ಲ. ನಿಮಗೆ ನಿಜವಾಗಿ ಹಿಡಿಸಿದರೆ ಮಾತ್ರ..."

"ಮೊದಲು ಅಳತೆ ತಗೊಳ್ಳಿ," ಎಂದಳು ಗುಬ್ಬಿ. ಅವಳ ಕಿವಿ ಕೆಂಪಾಗಿತ್ತು.

ಅವನು ಸಣ್ಣ ಮಣಿ ತುಂಬಿದ ಒಂದು ದೊಡ್ಡ ಚೀಲವನ್ನು ಹಲಗೆಯ ಮೇಲೆ ಹರಡಿದ. ಅದರ ಮೇಲೆ ಕೂತವರ ಆಕಾರ ಹಾಗೆಯೇ ನಿಲ್ಲುತ್ತದೆ. ಆ ಆಕಾರಕ್ಕೆ ತಕ್ಕಂತೆ ಮರ ಕೆತ್ತುವುದು.

ಗುಬ್ಬಿ ಕೂತಳು, ಪರೀಕ್ಷೆಗೆ ಕೂತವಳಂತೆ ನೆಟ್ಟಗೆ.

"ಹೊಂದಿಕೊಳ್ಳಬೇಡಿ," ಎಂದ ಅವನು, ಅವಳ ಎಡಗಡೆ ಮೊಣಕಾಲೂರಿ.

"ಏನೂ ಮಾಡ್ತಿಲ್ಲ ನಾನು."

"ಬಲಗಾಲಿನ ಮೇಲೆ ಇಡೀ ಮೈ ಎತ್ತಿ ಹಿಡಿದಿದ್ದೀರಿ. ಎಲ್ಲಿ ಚೀಲಕ್ಕೆ ನೋವಾಗುತ್ತೋ ಅನ್ನೋ ಹಾಗೆ."

ಅವಳಿಗೆ ನಗು ಬಂತು. ನಗುವಿನ ಹಿಂದೆಯೇ ಅಳು. ಹೊಂದಿಕೊಳ್ಳದೆ ಕೂರುವುದು ಹೇಗೆಂದು ಅವಳ ಮೈಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಭುಜ ಇಳಿಸಿದರೆ ಸೊಂಟ ಬಿಗಿಯುತ್ತಿತ್ತು, ಸೊಂಟ ಬಿಟ್ಟರೆ ಭುಜ ಏರುತ್ತಿತ್ತು. ಅವನು ಅವಸರ ಮಾಡಲಿಲ್ಲ. ಕಿಟಕಿಯ ಬೆಳಕು ಮೇಜಿನ ಮೇಲಿಂದ ನೆಲಕ್ಕೆ ಇಳಿಯಿತು. ಕೊನೆಗೆ ಅವಳಿಗೆ ಎಲ್ಲ ಸಾಕಾಯಿತು. ಪ್ರಯತ್ನ ಕೈಬಿಟ್ಟಳು. ಮೈ ತನ್ನಷ್ಟಕ್ಕೆ ತಾನು, ಹುಟ್ಟಿದಾಗಿನಿಂದ ವಾಲಬೇಕೆಂದಿದ್ದ ಕಡೆಗೆ ವಾಲಿತು. ಅದು ಎಡಗಡೆ. ಅಲ್ಲಿ ಅವನ ಭುಜವಿತ್ತು.

ಅವಳ ತಲೆ ಅದರ ಮೇಲೆ ನಿಂತಿತು. ಎಲ್ಲಾದರೂ ನೋಯುತ್ತಿದೆಯೇ ಎಂದು ಅವಳು ಒಳಗೊಳಗೇ ಹುಡುಕಿ ನೋಡಿದಳು. ಈ ಸಲ ನಿಜವಾಗಿಯೂ ಹುಡುಕಿದಳು. ಸಿಗಲಿಲ್ಲ.

"ಸಿಕ್ಕಿತಾ ಅಳತೆ?" ಎಂದಳು ಕಣ್ಣು ಮುಚ್ಚಿಯೇ.

"ಸಿಕ್ಕಿತು. ಆದರೆ ಒಂದು ತೊಂದರೆ ಇದೆ."

"ಏನು?"

"ಎಡಗಡೆ ಆಸರೆ ನಾನೇ ಆಗಿಬಿಟ್ಟಿದ್ದೀನಿ. ಅಲುಗಾಡಿದರೆ ಅಳತೆ ಕೆಡುತ್ತೆ."

"ಹಾಗಾದರೆ ಅಲುಗಾಡಬೇಡಿ."

"ಎಷ್ಟು ಹೊತ್ತು?"

ಗುಬ್ಬಿ ತಲೆಯನ್ನು ಇನ್ನಷ್ಟು ಒತ್ತಿ ಇಟ್ಟುಕೊಂಡಳು.

"ನಿಮಗೆ ಕಾಲು ಜೋಮು ಹಿಡಿದರೆ ಹೇಳಿ," ಎಂದಳು. "ಆಗ ನಿಮ್ಮ ಅಳತೆ ನಾನು ತಗೊಳ್ತೀನಿ."